ಹಣೆಯವರೆಗೆ

ಮತ್ತೆ ಪತ್ರವಷ್ಟೇ ಹೋಗಿತ್ತು, ಅಣ್ಣ ಹೋಗಿರಲಿಲ್ಲ.

"ಭಾವಚಿತ್ರ ಲಗತ್ತಿಸಿದೆ ಅಂತ ಬರ್ದಿದೀರಿ. ಚಿತ್ರ ಇಲ್ವಲ್ಲ ಸಾರ್," ಎಂದ ಫೋನಿನಲ್ಲಿ ಆಸ್ಪತ್ರೆಯ ಗುಮಾಸ್ತ.

"ಇನ್ನೊಂದ್ಸಲ ಕಳಿಸ್ತೀನಿ."

"ಅರ್ಧ ದಿನದ ದಾರಿ, ಬಂದು ನೋಡ್ಬಾರ್ದಾ? ಮನುಷ್ಯ ಮಾತಾಡಲ್ಲ ಅಷ್ಟೆ, ಕಣ್ಣು ಬಿಟ್ಕೊಂಡೇ ಇರ್ತಾರೆ. ಸಂಜೆ ಒಳಗೆ ಯಾರೂ ನಮ್ಮವರು ಅನ್ನದಿದ್ರೆ ನಿರಾಶ್ರಿತರ ಕೇಂದ್ರದ ಗಾಡಿ ಹತ್ತಿಸ್ತೀವಿ. ಆಮೇಲೆ ನಮ್ಮ ಕೈಲಿಲ್ಲ."

"ಫ್ಯಾಕ್ಸ್ ಸರಿ ಹೋಗುತ್ತೆ."

ಚಿತ್ರ ಹೋಗಲೇಬೇಕು. ಗುರುತು ಸಿಗದ ರೋಗಿಯ ಬಗ್ಗೆ ಅತ್ತಿಗೆ ಪತ್ರಿಕೆಯಲ್ಲಿ ಓದಿದ ಆಸ್ಪತ್ರೆಯ ಪ್ರಕಟಣೆಯಲ್ಲಿ ಚಿತ್ರವಿರಲಿಲ್ಲ. ವರ್ಷಗಳ ಹಿಂದೆ ಚಪ್ಪಲಿಯನ್ನೂ ಮೆಟ್ಟದೆ ಮನೆ ಬಿಟ್ಟ ಅಣ್ಣ ಸಿಕ್ಕಿದ್ದಾನೋ ಇಲ್ಲವೋ ಎಂಬುದು ಈಗ ಈ ಕಂಪ್ಯೂಟರಿನ ಮರ್ಜಿಗೆ ಬಿದ್ದಿತ್ತು. ಇಮೇಲಿನಿಂದಲೇ ಫ್ಯಾಕ್ಸ್ ಕಳಿಸುವ ಏರ್ಪಾಡು ಕಚೇರಿಗೆ ಹೊಸದು. ಅಕ್ಷರಗಳನ್ನು ಅದು ಸಲೀಸಾಗಿ ನುಂಗುತ್ತಿತ್ತು; ಚಿತ್ರವನ್ನು ಮುಟ್ಟುತ್ತಿರಲಿಲ್ಲ.

"ತಪ್ಪು ನಿಮ್ದಲ್ಲ," ಎಂದ ಪಕ್ಕದ ಮೇಜಿನವನು. ಯಾವ ಕಂಪ್ಯೂಟರಿಗೆ ಜ್ವರ ಬಂದರೂ ಅವನನ್ನೇ ಕರೆಯುತ್ತಿದ್ದುದರಿಂದ ಕಚೇರಿಗೆಲ್ಲ ಅವನು ವೈದ್ಯ. "ಫೋಟೋನ ಯಾವ ಪ್ರೋಗ್ರಾಮಲ್ಲಿ ತೆರೀಲಿ ಅಂತ ಅದು ಒಳಗೊಳಗೇ ಕೇಳುತ್ತೆ. ಯಾರೂ ಹೇಳಲ್ಲ. ಬಿಟ್ಟು ಮುಂದಕ್ಕೆ ಹೋಗುತ್ತೆ, ನಮ್ಮ ಸಾಹೇಬ್ರ ಥರ. ಲಗತ್ತಿಸೋದು ಬಿಟ್ಟು ಪತ್ರದೊಳಗೇ ಅಂಟಿಸಿ. ಯಾರಿವರು, ಸಂಬಂಧಿಕರಾ?"

"ಪರಿಚಯದವರು."

ಉತ್ತರ ಅಷ್ಟು ಬೇಗ ಬಾಯಿಗೆ ಬಂದದ್ದು ಅವನಿಗೇ ಸೋಜಿಗವೆನಿಸಿತು.

ಅಂಟಿಸಿದ. ಕಳಿಸಿದ. "ಬಂತು, ಪೂರ್ತಿ ಕಪ್ಪು," ಎಂದ ಗುಮಾಸ್ತ. "ಇದ್ದಿಲು ಮೂಟೆ ಕಳಿಸಿದ ಹಾಗಿದೆ."

ಅಷ್ಟರಲ್ಲಿ ಅತ್ತಿಗೆಯ ಫೋನು.

"ಏನಂದ್ರು?"

"ಫೋಟೋ ಸರಿಯಾಗಿ ಹೋಗ್ತಿಲ್ಲ ಅತ್ತಿಗೆ."

"ನಾನೇ ಹೊರಡ್ತೀನಿ. ಬಸ್ಸಿದೆ."

"ಸುಮ್ನೆ ಯಾಕೆ? ಅವನಲ್ಲದಿದ್ರೆ?"

"ಅವರೇ ಆಗಿದ್ರೆ?"

ಅವನು ಪರದೆಯನ್ನು ನೋಡಿದ.

"ಅವರ ಕೋಣೇಲಿರೋ ನಿಮ್ಮ ಪುಸ್ತಕಗಳನ್ನ ಹೊರಗಿಡ್ಲಾ?" ಎಂದಳು.

"ಈಗ್ಲೇ ಬೇಡ."

ಊಟಕ್ಕೆ ಏಳಲಿಲ್ಲ. ಫ್ಯಾಕ್ಸಿಗೆ ಗೊತ್ತಿರುವುದು ಕಪ್ಪು ಮತ್ತು ಬಿಳಿ. ನಡುವಿನ ಬೂದು ಯಾವುದಾದರೊಂದು ಪಕ್ಷ ಸೇರಬೇಕು. ಅವನು ಚಿತ್ರವನ್ನು ತೆರೆದು ಕಪ್ಪು-ಬಿಳುಪು ಹೊಂದಿಸುವ ಪರದೆಯ ಗುಂಡಿಯನ್ನು ಎಳೆಯತೊಡಗಿದ. ಎಡಕ್ಕೆ ಎಳೆದರೆ ಮೀಸೆ ಉಳಿದು ಕಣ್ಣು ಹೋಯಿತು. ಬಲಕ್ಕೆ ಎಳೆದರೆ ಕಣ್ಣು ಬಂದು ಕೆನ್ನೆ ಅಳಿಸಿಹೋಯಿತು. ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಅಣ್ಣನ ಮುಖವನ್ನು ಇಷ್ಟು ಹೊತ್ತು ಅವನು ಎಂದೂ ನೋಡಿರಲಿಲ್ಲ. ಈಗಲೂ ನೋಡುತ್ತಿದ್ದದ್ದು ಕಲೆಗಳನ್ನು.

"ಬಂತು ಸಾರ್. ಒಳ್ಳೆ ಸ್ಪಷ್ಟವಾಗಿದೆ," ಎಂದ ಸಂಜೆ ಫೋನಿನಲ್ಲಿ ಗುಮಾಸ್ತ.

ಪರೀಕ್ಷೆ ಪಾಸಾದ ಹುಡುಗನ ಹಾಗೆ ಅವನ ಮೈಯೆಲ್ಲ ಹಗುರಾಯಿತು. ಹೊರಡುತ್ತಿದ್ದ ವೈದ್ಯ ಕೈ ಕುಲುಕಿ ಹೋದ. ಅವನು ಫೋನಿಡಲು ಹೊರಟಾಗ ಗುಮಾಸ್ತನೇ ಕರೆದ.

"ಸಾರ್, ಇವರೇನಾ ಅಂತ ಕೇಳಲೇ ಇಲ್ವಲ್ಲ."

"ಇವರೇನಾ?"

"ಹೆಂಗೆ ಹೇಳಲಿ? ಇಲ್ಲಿರೋರು ಸೊರಗಿ ಕಡ್ಡಿ ಆಗಿದಾರೆ, ಗಡ್ಡ ಬೇರೆ. ಇಲ್ಲಿ ತೆಗೆದ ಫೋಟೋ ನಾನೇ ಕಳಿಸ್ತೀನಿ. ನೋಡಿ ಹೂಂ ಅನ್ನಿ, ಊಹೂಂ ಅನ್ನಿ. ಗಾಡಿ ಬಂದು ನಿಂತಿದೆ."

ಮೂಲೆಯಲ್ಲಿದ್ದ ಹಳೆಯ ಫ್ಯಾಕ್ಸ್ ಯಂತ್ರ ನರಳಿ ಕಾಗದ ಎಳೆದುಕೊಂಡಿತು. ಮೊದಲು ಬಿಳಿಗೋಡೆ. ಮಂಚದ ಒಂದು ಸರಳು. ಒರಟೊರಟಾಗಿ ಕತ್ತರಿಸಿದ ಕೂದಲು. ಆಮೇಲೆ ಹಣೆ, ಅಗಲವಾದದ್ದು. ಯಾರದ್ದಾದರೂ ಆಗಬಹುದಾದ ಹಣೆ.

ಯಂತ್ರ ನಿಂತಿತು. ಕೆಂಪು ದೀಪ ಮಿಣುಕಿತು. ಕಾಗದದ ಸುರುಳಿ ಮುಗಿದಿತ್ತು.

ಹೊಸ ಸುರುಳಿ ಕೈಗೆಟುಕುವಲ್ಲೇ ಇತ್ತು. ತೆಗೆದುಕೊಂಡು ಅದರ ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಕೆರೆದ. ಏಳಲಿಲ್ಲ. ಮತ್ತೊಂದು ಕಡೆಯಿಂದ ಕೆರೆದ, ಕಾಗದ ಹರಿಯದಂತೆ, ಬಹಳ ಜಾಗರೂಕತೆಯಿಂದ. ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅವನು ಪಟ್ಟಿಯ ಇನ್ನೊಂದು ತುದಿಯನ್ನು ಹುಡುಕಿದ.

ಯಂತ್ರದ ಬಾಯಿಂದ ತಲೆಯಷ್ಟೇ ಹೊರಬಂದು, ಹುಬ್ಬಿನ ಬಳಿ ಸಿಕ್ಕಿಕೊಂಡು, ತಲೆಕೆಳಗಾಗಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.