ಫಿರಂಗಿಯಡಿಯ ಹಲಗೆಗಳು

ಬಾಂಬರ್ ಬಿತ್ತೆಂದು ಊರೆಲ್ಲ ಕುಣಿಯುತ್ತಿತ್ತು. ಆ ಕುಣಿತ ನೋಡಿ ಜುಯೆನ್‌ಗೆ ಮೈಯೆಲ್ಲ ಉರಿಯಿತು. ಮಾ ನದಿಯ ಸೇತುವೆಗೆಂದು ತಂದ ಬಾಂಬುಗಳನ್ನು ಆ ಅಮೆರಿಕದ ವಿಮಾನ ತಾನು ಬೀಳುವ ಮುಂಚೆ ಊರ ಮೇಲೆ ಚೆಲ್ಲಿತ್ತು. ಒಂದು ಅವಳ ಅಂಗಳಕ್ಕೇ ಬಿತ್ತು. ಅತ್ತೆ ತಾಮ್ ಈಗ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದಾಳೆ. ಮಣ್ಣಿಗಿಡಲು ಪೆಟ್ಟಿಗೆಯಿಲ್ಲ.

ಪೆಟ್ಟಿಗೆ ಇತ್ತು. ಊರಿನ ಎಲ್ಲ ಮುದುಕರಂತೆ ಅತ್ತೆಯೂ ಅರವತ್ತು ತುಂಬಿದ ವರ್ಷವೇ ಹಲಸಿನ ಹಲಗೆಯ ಶವಪೆಟ್ಟಿಗೆ ಮಾಡಿಸಿ ಮನೆಯೊಳಗೆ ಇಟ್ಟುಕೊಂಡಿದ್ದಳು. ಅದರಲ್ಲಿ ಭತ್ತ ತುಂಬಿಡುತ್ತಿದ್ದಳು, ವಾರಕ್ಕೊಮ್ಮೆ ಒರೆಸುತ್ತಿದ್ದಳು. ಹೋದ ತಿಂಗಳು ಸೇತುವೆ ಕಾಯುವ ಫಿರಂಗಿ ದಂಡೆಯ ಕೆಸರಿನಲ್ಲಿ ಹೂತು ವಾಲತೊಡಗಿದಾಗ ಊರ ಸಮಿತಿಯ ಅಧ್ಯಕ್ಷ ತ್ವಾನ್ ಅದರಡಿಗೆ ಹಾಸಲು ಮರ ಕೇಳಿಕೊಂಡು ಮನೆಮನೆಗೂ ಬಂದ. ಬಾಗಿಲು ಹೋಯಿತು, ಮಂಚ ಹೋಯಿತು, ಕೊನೆಗೆ ಮುದುಕರ ಪೆಟ್ಟಿಗೆಗಳೂ ಹೋದವು. “ಹತ್ತೇ ದಿನ ಚಿಕ್ಕಮ್ಮಾ, ಹೊಸದು ಮಾಡಿಸಿಕೊಡ್ತೀನಿ,” ಎಂದಿದ್ದ. ಅತ್ತೆ ನಗುನಗುತ್ತಲೇ ಕೊಟ್ಟಳು. ಜುಯೆನ್ ಬೇಡವೆಂದು ಬಾಯಿ ಮಾಡಿದ್ದಳು. ಸೊಸೆಯ ಮಾತು ಯಾರಿಗೆ ಬೇಕು!

ಇವತ್ತು ಬೆಳಿಗ್ಗೆ ಅವಳು ಹಾರೆ ಹಿಡಿದು ಫಿರಂಗಿಯ ಗುಂಡಿಗೇ ಹೋದಳು. ಹಲಗೆಗಳು ಸೀಳಿ, ಸುಟ್ಟು, ಕೆಸರಲ್ಲಿ ಕೆಸರಾಗಿದ್ದವು. ಫಿರಂಗಿಯವರು ತಲೆ ತಗ್ಗಿಸಿ ನಿಂತರು. ನಿದ್ದೆಗೆಟ್ಟ ಅವರ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದರೆ ತ್ವಾನ್ ಕಾಯುತ್ತಿದ್ದ. ಜೊತೆಗಿದ್ದ ಇಬ್ಬರು ದೊಡ್ಡದೊಂದು ತಗಡು ಹೊತ್ತಿದ್ದರು.

“ನೋಡಮ್ಮ, ಬಿದ್ದ ವಿಮಾನದ ರೆಕ್ಕೆ. ತುಕ್ಕು ಹಿಡಿಯಲ್ಲ. ಇದರಲ್ಲೇ ಪೆಟ್ಟಿಗೆ ಹೊಡಿಸೋಣ. ಜಿಲ್ಲೆಯವರು ಬಂದು ಫೋಟೋನೂ ತೆಗೀತಾರೆ.”

ಇಷ್ಟು ದಿನ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು ಜುಯೆನ್. ಈಗ ಅದೆಲ್ಲ ಮರೆತುಹೋಯಿತು.

“ಏನಂದೆ? ಅವಳನ್ನ ಕೊಂದಿದ್ದರೊಳಗೇ ಅವಳನ್ನ ಮಲಗಿಸ್ತೀಯಾ? ನಾಚಿಕೆ ಆಗಲ್ವೇನೋ ನಿಂಗೆ? ಹತ್ತು ದಿನ ಅಂದೋನು ನೀನೇ ತಾನೆ? ಎಲ್ಲಿ ಹೊಸ ಪೆಟ್ಟಿಗೆ?”

“ಯುದ್ಧ ಕಣಮ್ಮ. ಊರಲ್ಲಿ ಒಂದು ಹಲಗೆ ಉಳಿದಿಲ್ಲ. ಎಲ್ರೂ ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೀನಿ.”

ಹೆಣದ ಪಕ್ಕ ಎಲೆಅಡಿಕೆ ಜಗಿಯುತ್ತ ಕೂತಿದ್ದ ಅವನ ತಾಯಿ ಬೋಂಗ್ ತಲೆಯೆತ್ತಿದಳು. “ನೀನೇನು ಕೊಟ್ಯೋ?”

“ಅಮ್ಮಾ, ನೀನು ಸುಮ್ನಿರು.”

“ನನ್ನ ಪೆಟ್ಟಿಗೆ ಕೊಟ್ಟಿಗೇಲಿ ಹುಲ್ಲಿನ ಕೆಳಗಿದೆಯಲ್ಲೋ! ನಿನ್ನೆ ಕೂಡ ಒರೆಸಿದೀನಿ. ಅದನ್ನೂ ಕೊಟ್ಟಾಯ್ತು ಅಂತ ಊರಿಗೆಲ್ಲ ಹೇಳಿದೀಯಾ?”

ಜುಯೆನ್ ತ್ವಾನ್‌ನ ಕೊಟ್ಟಿಗೆಯತ್ತ ಹೊರಟಳು. “ಆ ತಗಡು ಬಿಸಾಕಿ, ನನ್ನ ಜೊತೆ ಬನ್ನಿ,” ಎಂದಳು ಹೊತ್ತವರಿಗೆ. ಅವರು ಅಧ್ಯಕ್ಷನ ಮುಖವನ್ನೂ ನೋಡದೆ ತಗಡು ಕೆಳಗಿಟ್ಟರು.

ತ್ವಾನ್ ಅಡ್ಡ ನಿಂತ. “ಅದು ನಿಂಗೆ ಅಂತ ಇಟ್ಟಿದ್ದು ಅಮ್ಮಾ! ನಾಳೆ ನಿಂಗೇನಾದ್ರೂ ಆದ್ರೆ?”

ಬೋಂಗ್ ಎಲೆಅಡಿಕೆ ಉಗಿದು ಎದ್ದಳು.

“ನಾನಿನ್ನೂ ಸತ್ತಿಲ್ಲ ಕಣೋ, ಅವಳು ಸತ್ತಿದ್ದಾಳೆ. ದಾರಿ ಬಿಡು. ನಂಗೆ ಬೇಕಾದ್ರೆ ಈ ತಗಡಲ್ಲೇ ಹೊಡಿಸು, ಪಕ್ಕ ನಿಂತು ಫೋಟೋ ತೆಗೆಸ್ಕೋ.”