ಹೊಳೆ ಹೆಪ್ಪುಗಟ್ಟದ ಚಳಿಗಾಲ

ಆ ಮನೆಯ ಬಾಗಿಲಿಗೆ ಬೀಗವಿರಲಿಲ್ಲ. ಒಳಗಿನಿಂದ ಹಿಡಿಯನ್ನು ಒಮ್ಮೆ ಕೆಳಗೆಳೆದರೆ ತೆರೆದುಕೊಳ್ಳುತ್ತಿತ್ತು. ಆದರೆ ತೆರೆದ ಕೂಡಲೇ ಹೊರಗಿನ ಗಾಳಿ ನುಗ್ಗಿ, ಅಷ್ಟು ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

ಕ್ರಾಸ್ನೊಯಾರ್ಸ್ಕ್ ಊರಿನ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಕಟ್ಟಿದ್ದ ಉಕ್ಕಿನ ಮನೆ ಅದು. ಒಳಗೆ ಮೂವರು. ದೀಪಗಳ ಬೆಳಕಿನಲ್ಲೇ ಗೋಧಿ ಬೆಳೆದು, ಆ ಪೈರು ಬಿಟ್ಟ ಗಾಳಿಯನ್ನೇ ಉಸಿರಾಡಿ, ಆ ಗೋಧಿಯನ್ನೇ ಬೀಸಿ ಬ್ರೆಡ್ ಮಾಡಿಕೊಂಡು ಅವರು ಆರು ತಿಂಗಳು ಅಲ್ಲಿರಬೇಕಿತ್ತು. ಇಲ್ಲಿ ಇದ್ದು ತೋರಿಸಿದರೆ ಮುಂದೊಂದು ದಿನ ಮನುಷ್ಯರು ಮಂಗಳ ಗ್ರಹದಲ್ಲೂ ಇದ್ದಾರು ಎಂಬ ಆಸೆ. ಹೊರಗೆ, ದುಂಡನೆಯ ಗಾಜಿನ ಕಿಟಕಿಯ ಪಕ್ಕ, ಫೋನು ಇಟ್ಟುಕೊಂಡು ಅವರ ಆರೋಗ್ಯ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಫೈನಾ ಪ್ರೊಖೊರೊವ್ನಾ. ಒಳಗಿದ್ದವರಿಗೆ ಆಕೆ ಫೈನಾ ಅತ್ತೆ.

ಒಳಹೋಗುವ ಮೊದಲು ಮೂವರೂ ಒಂದು ಕಾಗದ ತುಂಬಿದ್ದರು. ‘ಮನೆಯಲ್ಲಿ ಯಾರಾದರೂ ತೀರಿಕೊಂಡರೆ ತಿಳಿಸಬೇಕೆ?’ ಎಂಬ ಪ್ರಶ್ನೆಗೆ ಗೋಧಿ ಬೆಳೆಯುವ ರಿಮ್ಮಾ ‘ಬೇಡ’ ಎಂದು ಬರೆದಳು.

“ಯಾಕೆ ಮಗಳೇ?” ಎಂದು ಫೈನಾ ಕೇಳಿದ್ದರು.

“ಮಂಗಳದಲ್ಲಿದ್ರೆ ಬಸ್ಸು ಹತ್ತಿ ಬರೋಕಾಗುತ್ತಾ ಅತ್ತೆ? ಹೇಳಿ ಏನು ಮಾಡ್ತೀರಿ? ಅಲ್ಲದೆ ನನಗಿರೋದು ಅಪ್ಪ ಒಬ್ಬ. ಅವನು ಕಲ್ಲುಗುಂಡು.”

ಕಲ್ಲುಗುಂಡಿನಂಥ ಆ ಪಂಕ್ರಾತ್ ಹೊಳೆಯಾಚೆಯ ಹಳ್ಳಿಯ ಹಳೆಯ ಅಂಬಿಗ. ಪ್ರತಿ ಭಾನುವಾರ ತನ್ನ ದೋಣಿ ತಾನೇ ನಡೆಸಿಕೊಂಡು ಯೆನಿಸೇಯ್ ಹೊಳೆ ದಾಟಿ ಬರುತ್ತಿದ್ದ. ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟು, ಕಿಟಕಿಗೆ ಮೂಗು ತಾಗಿಸಿ, ಫೋನಿನಲ್ಲಿ ಕೂಗುತ್ತಿದ್ದ.

“ಏನೇ, ನಿನ್ನ ಮಂಗಳದಲ್ಲಿ ಹೊಳೆ ಇದೆಯಾ ಇಲ್ವಾ?”

“ಇಲ್ಲಪ್ಪ. ಇನ್ನೆಷ್ಟು ಸಲ ಹೇಳ್ಲಿ?”

“ಹಂಗಾದ್ರೆ ಬೇಡ. ಹೊಳೆ ಇಲ್ದ ಊರಿಗೆ ಹೆಣ್ಣು ಕೊಡಬಾರ್ದು ಅಂತ ನಮ್ಮಜ್ಜ ಹೇಳ್ತಿದ್ದ.”

“ಕೂಗಬೇಡ್ರೀ ಪಂಕ್ರಾತ್ ಸವ್ವಿಚ್, ಮಂಗಳಕ್ಕೇ ಕೇಳಿಸುತ್ತೆ!” ಎಂದು ಒಳಗಿನಿಂದ ಎಂಜಿನಿಯರ್ ಗ್ಲೆಬ್ ಕೆಣಕುತ್ತಿದ್ದ.

“ಕೇಳ್ಲಿ ಬಿಡು. ಅಲ್ಲಿ ಬೇರೆ ಯಾರಿದ್ದಾರೆ ಬೇಜಾರು ಮಾಡ್ಕೊಳ್ಳೋಕೆ?”

ಹೊರಡುವಾಗ ಅವನು ಫೈನಾರ ಮೇಜಿನ ಮೇಲೆ ಹೊಗೆಯಲ್ಲಿ ಒಣಗಿಸಿದ ಒಂದು ಮೀನು ಇಟ್ಟು ಹೋಗುತ್ತಿದ್ದ. ಅದನ್ನು ಮಗಳಿಗೆ ಕೊಡುವಂತಿರಲಿಲ್ಲ. “ನೀವು ತಿನ್ನಿ, ಅವಳು ನೋಡ್ಲಿ,” ಎನ್ನುತ್ತಿದ್ದ.

ಜನವರಿಯ ಒಂದು ಗುರುವಾರ, ಮನೆಯ ಮುಂದಿನ ಹಿಮ ತೋಡುತ್ತಿದ್ದವನು ಸಲಿಕೆಯ ಮೇಲೆಯೇ ಬಿದ್ದು ಪಂಕ್ರಾತ್ ತೀರಿಕೊಂಡ. ಶನಿವಾರ ಮಣ್ಣು ಮಾಡಿದರು. ಫೈನಾ ಹಳ್ಳಿಗೆ ಹೋಗಿದ್ದರು. ತಮ್ಮ ಪಾಲಿನ ಮಣ್ಣು ಹಾಕಿದ ಮೇಲೆ ಇನ್ನೊಂದು ಹಿಡಿ ತೆಗೆದು, “ಇದು ರಿಮ್ಮಾಳದು,” ಎಂದರು. ನೆರೆಮನೆಯಾಕೆ ತನ್ನ ಕೈಗವಸು ಕಳಚಿ ಅವರ ಕೈಗೆ ತೊಡಿಸಿದಳು.

ಮರುದಿನ ಭಾನುವಾರ. ಫೋನು ಕಿಣಿಗುಟ್ಟಿತು.

“ಅತ್ತೆ, ಅಪ್ಪ ಎಲ್ಲಿ?”

ಜ್ವರ ಎಂದು ಹೇಳಬೇಕೆಂದು ಫೈನಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು. ಆದರೆ ಜ್ವರವೆಂದರೆ ಅವಳು ಎಷ್ಟು ಡಿಗ್ರಿ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂದೆಲ್ಲ ಕೇಳುತ್ತಾಳಲ್ಲ! ಮೂವತ್ತು ಚಳಿಗಾಲ ಆ ಊರಿನಲ್ಲಿ ಕಳೆದ ನಾಲಿಗೆ ತಾನಾಗಿ ಹಳೆಯ ನೆವವೊಂದನ್ನು ಹುಡುಕಿತು.

“ಹೊಳೆ ಹೆಪ್ಪುಗಟ್ತಾ ಇದೆ ಕಣೆ. ದೋಣಿ ಬರೋ ಹಂಗಿಲ್ಲ.”

ರಿಮ್ಮಾ, “ಸರಿ ಅತ್ತೆ,” ಎಂದಳು. “ನೀವು ಊಟ ಮಾಡಿದ್ರಾ?”

“ಮಾಡಿದೆ.”

“ಮಾಡಿಲ್ಲ. ಹೋಗಿ ಊಟ ಮಾಡಿ.”

ಫೈನಾ ಕೋಟು ಹಾಕಿಕೊಂಡು ಹೊರಬಂದರು. ಎದುರಿಗೆ ಇಳಿಜಾರಿನ ಕೊನೆಯಲ್ಲಿ ಯೆನಿಸೇಯ್, ಒಲೆಯ ಮೇಲಿಟ್ಟ ಪಾತ್ರೆಯಂತೆ ಬೆಳ್ಳಗೆ ಹಬೆಯಾಡುತ್ತ ಹರಿಯುತ್ತಿತ್ತು. ಅವರು ನಿಂತಲ್ಲೇ ನಿಂತುಬಿಟ್ಟರು. ಕೆಲವು ವರ್ಷಗಳ ಹಿಂದೆ ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿದಂದಿನಿಂದ ಊರಿನ ಬಳಿ ಹೊಳೆ ಹೆಪ್ಪುಗಟ್ಟುವುದೇ ನಿಂತಿತ್ತು. ಅದು ಗೊತ್ತಿಲ್ಲದವರು ಯಾರು? ಅದರಲ್ಲೂ ಅಂಬಿಗನ ಮಗಳಿಗೆ?

ತಿರುಗಿ ಓಡಿದರು. ಅರವತ್ತರ ಮೊಣಕಾಲುಗಳು ಮೆಟ್ಟಿಲುಗಳನ್ನು ಹೇಗೆ ಇಳಿದವೋ. ಕಿಟಕಿಯಲ್ಲಿ ನೋಡಿದರೆ ರಿಮ್ಮಾ ಬಾಗಿಲ ಬಳಿ ನಿಂತಿದ್ದಾಳೆ, ಕೈ ಹಿಡಿಯ ಮೇಲಿದೆ.

ಫೈನಾ ಫೋನಿನ ಕಡೆ ಕೈ ಚಾಚಿ, ಹಿಂದೆಗೆದರು. ತೆರೆ ಎನ್ನಬೇಕೆ, ಬೇಡ ಎನ್ನಬೇಕೆ? ಎರಡನ್ನೂ ಹೇಳುವ ಹಕ್ಕು ತನಗಿಲ್ಲ ಎನಿಸಿತು. ಅಂಗೈಯನ್ನು ಗಾಜಿಗೆ ಒತ್ತಿ ನಿಂತರು. ರಿಮ್ಮಾ ಇತ್ತ ನೋಡಲಿಲ್ಲ. ಗ್ಲೆಬ್ ಬಂದು ಅವಳಿಂದ ಎರಡು ಹೆಜ್ಜೆ ದೂರದಲ್ಲಿ ನಿಂತ. ಅವನೂ ತಡೆಯಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಅವಳ ಬೆರಳು ಒಂದೊಂದಾಗಿ ಸಡಿಲವಾದವು. ಹಿಡಿ ಇದ್ದಲ್ಲೇ ಇತ್ತು. ಅವಳು ಗೋಧಿಯ ಕೋಣೆಗೆ ಹೋದಳು. ಅಂದು ಕೊಯ್ಲಿನ ದಿನ.

ಮರುದಿನ ಬೆಳಿಗ್ಗೆ ಕಿಟಕಿಗೆ ಕಾಣುವಂತೆ ಮೇಜಿನ ಮೇಲೆ ಒಂದು ಗಾಜಿನ ಲೋಟವಿತ್ತು. ಅದರ ಬಾಯಿಗೆ ಮುಚ್ಚಿದಂತೆ ಒಂದು ತುಂಡು ಬ್ರೆಡ್. ಸತ್ತವರಿಗೆ ಹಾಗೆ ನಲವತ್ತು ದಿನ ಇಟ್ಟು, ಆಮೇಲೆ ಬ್ರೆಡ್ಡನ್ನು ಹಕ್ಕಿಗಳಿಗೆ ಹಾಕುವುದು ಆ ನಾಡಿನ ರೂಢಿ. ವೋಡ್ಕಾ ಇಡಬೇಕಿತ್ತು, ಒಳಗೆ ಇರಲಿಲ್ಲ. ನೀರೇ ಇಟ್ಟಿದ್ದಳು. ಅವರೇ ಉಸಿರಾಡಿ, ಪೈರು ಕುಡಿದು, ಮತ್ತೆ ಬಸಿದು ಬಂದ ನೀರು.

ಬೂಷ್ಟು ಹಿಡಿಯುವಂಥದ್ದೇನನ್ನೂ ಆ ಮನೆಯಲ್ಲಿ ಉಳಿಸಬಾರದು. ಡಾಕ್ಟರಾಗಿ ಫೈನಾ ಅದನ್ನು ತೆಗೆಸಬೇಕಿತ್ತು. ತೆಗೆಸಲಿಲ್ಲ. ಗ್ಲೆಬ್ ದಿನಾ ಆ ತುಂಡನ್ನು ದೀಪದ ಕೆಳಗೆ ಹಿಡಿದು ಒಣಗಿಸಿ, ಮತ್ತೆ ಲೋಟದ ಮೇಲಿಡುವುದು ಕಿಟಕಿಗೆ ಕಾಣುತ್ತಿತ್ತು.

ಭಾನುವಾರಗಳಂದು ರಿಮ್ಮಾ ಫೋನು ಮಾಡುತ್ತಲೇ ಇದ್ದಳು. ಪೈರಿನ ಮಾತು, ನಿದ್ದೆಯ ಮಾತು. ಅಪ್ಪನ ಮಾತು ಇಬ್ಬರೂ ಎತ್ತಲಿಲ್ಲ. ಫೋನು ಇಡುವ ಮುಂಚೆ ಮಾತ್ರ ಅವಳು, “ಹೊಳೆ ಹೆಂಗಿದೆ ಅತ್ತೆ?” ಎನ್ನುತ್ತಿದ್ದಳು.

“ಹಂಗೇ ಇದೆ ಮಗಳೇ,” ಎನ್ನುತ್ತಿದ್ದರು ಫೈನಾ.

ಮಾರ್ಚಿನಲ್ಲಿ ಬಾಗಿಲು ತೆರೆಯಿತು. ಚಪ್ಪಾಳೆ, ಹೂಗುಚ್ಛ, ಫೋಟೋ. ಮನುಷ್ಯರು ಭೂಮಿಯ ಹಂಗಿಲ್ಲದೆ ಬದುಕಬಲ್ಲರು ಎಂದು ಯಾರೋ ಭಾಷಣ ಮಾಡಿದರು. ರಿಮ್ಮಾ ಹೂವನ್ನು ಗ್ಲೆಬ್‌ನ ಕೈಗೆ ಕೊಟ್ಟು, ಫೈನಾರ ತೋಳು ಹಿಡಿದು ಹೊರಗೆ ನಡೆದಳು.

ಹೊಳೆಯಾಚೆಯ ಗುಡ್ಡದ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಗೋರಿಯ ಮುಂದೆ ಅವಳು ಕರವಸ್ತ್ರ ಬಿಚ್ಚಿದಳು. ಕಲ್ಲಿನಂತಾಗಿದ್ದ ಆ ಬ್ರೆಡ್ ತುಂಡು.

“ನಾನು ಸುಳ್ಳು ಹೇಳಿದೆ,” ಎಂದರು ಫೈನಾ.

“ಬೇಡ ಅಂತ ಬರೆದುಕೊಟ್ಟೋಳು ನಾನಲ್ವಾ? ನಿಮ್ಮ ಕೈಲಿ ಸುಳ್ಳು ಹೇಳಿಸಿದ್ದೂ ನಾನೇ.”

ತುಂಡನ್ನು ಎರಡು ಅಂಗೈ ನಡುವೆ ಹಾಕಿ ಪುಡಿಮಾಡಿ ಚೆಲ್ಲಿದಳು. ಬೇಲಿಯ ಮೇಲಿದ್ದ ಗುಬ್ಬಚ್ಚಿಗಳು ಮೊದಲು ಒಂದು, ಆಮೇಲೆ ಏಳೆಂಟು ಇಳಿದು ಬಂದವು. ಅವಳು ನೋಡುತ್ತ ನಿಂತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

“ಅತ್ತೆ, ಮಂಗಳಕ್ಕೆ ಹೋದೋರು ಇದನ್ನ ಯಾರಿಗೆ ಹಾಕ್ತಾರೆ?”

ಫೈನಾ ಅವಳ ಅಂಗೈಗೆ ಅಂಟಿಕೊಂಡಿದ್ದ ಚೂರುಗಳನ್ನು ಬೆರಳಿನಿಂದ ಬಿಡಿಸಿ, ಒಂದೊಂದಾಗಿ ಹಿಮದ ಮೇಲೆ ಹಾಕಿದರು.