ಪಡುಬದಿಯ ಗೋಡೆ

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದವರನ್ನು ಚಂದ್ರಮತಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

“ಯಾವ್ ದಾರಿಯಗೆ ಕರ್ಕಂಡ್ ಹೋತ್ರಿ ಅಂದ್ ಹೇಳಿ. ಮತ್ತೆ ಎತ್ತಿ.”

ಬಗ್ಗಿದವರು ಬಗ್ಗಿದಂತೆಯೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗೊಳ್ಳಿಯ ಆ ಕೇರಿಯಲ್ಲಿ ಹೆಣ ಹೋಗುವ ದಾರಿ ಯಾವುದೆಂದು ಯಾರೂ ಕೇಳಿದ್ದಿಲ್ಲ. ಕೇಳುವ ಪ್ರಮೇಯವೇ ಇರಲಿಲ್ಲ. ಮನೆಯಿಂದ ಎದ್ದ ಚಟ್ಟ ಭಜನಾ ಮಂದಿರದ ಅಂಗಳ ಹೊಗಬೇಕು. ಒಳಗೆ ದೇವರ ಬಾಗಿಲು ಮುಚ್ಚಿರುತ್ತದೆ. ಅಂಗಳದಲ್ಲಿ ಒಂದು ಗಳಿಗೆ ಇಳಿಸಿ, ತಾಳ ತಟ್ಟಿ ಒಂದು ಪದ ಹೇಳಿ, ಪಡುಬದಿಯ ಬೇಲಿಯಲ್ಲಿ ಬಿಟ್ಟಿದ್ದ ತೆರಪಿನಿಂದ ಹೊಯ್ಗೆಯ ಮರಳಿಗೆ ಇಳಿದರೆ ಮುಂದೆ ಕಡಲು, ಕಡಲ ಬದಿಗೆ ಸುಡುಗಾಡು. ಹೆಂಗಸರು ಆ ತೆರಪಿನವರೆಗೆ ಬಂದು, ಗಂಡಸರು ಗಾಳಿಮರಗಳ ಆಚೆ ಮರೆಯಾಗುವ ತನಕ ನೋಡಿ ತಿರುಗುತ್ತಾರೆ. ಅಲ್ಲಿಂದ ಮುಂದಿನದು ಅವರ ಪಾಲಿಗಿಲ್ಲ. ಇನ್ನೊಂದು ಮಾತೂ ಇದೆ: ಅಂಗಳ ಹೊಕ್ಕ ಹೆಣ ಬಂದ ದಾರಿಯಲ್ಲಿ ತಿರುಗಬಾರದು.

ಈಗ ಆ ತೆರಪು ಇಲ್ಲ. ಹೋದ ಬೇಸಿಗೆಯಲ್ಲಿ ಸರ್ಕಾರದ ಅನುದಾನದಿಂದ ಮಂದಿರದ ಸುತ್ತ ಆಳೆತ್ತರಕ್ಕಿಂತ ಮೇಲೆ ಗೋಡೆ ಎದ್ದಿತ್ತು. ಗೋಡೆ ಎದ್ದ ಮೇಲೆ ಕೇರಿಯಲ್ಲಿ ತೀರಿಕೊಂಡವರಲ್ಲಿ ಅವಳ ಗಂಡ ಕುಷ್ಟನೇ ಮೊದಲಿಗ.

ಮಂದಿರದ ಅಧ್ಯಕ್ಷ ಜಿತೇಂದ್ರ ಮುಂದೆ ಬಂದ. ಎರಡು ಬೋಟಿನ ಧಣಿಯಾದರೂ ಚಂದ್ರಮತಿಯ ಎದುರು ಇನ್ನೂ ಕೇರಿಯ ಹುಡುಗನೇ.

“ಅಕ್ಕ, ರೋಡಗೇ ಹೋಪ. ವ್ಯಾನಿಗ್ ಹೇಳಿದೆ. ಮಾರ್ಕೆಟ್ ಬದಿಯಿಂದ ಸುತ್ತ್ ಹಾಕಿರೆ ಆಯ್ತ್, ಎಂತ ದೂರ ಇಲ್ಲೆ.”

“ವ್ಯಾನಗೆ ಹಾಕಿ ಮಾರ್ಕೆಟ್ ಸುತ್ತ್ಸುಕೆ ಅವ್ರೆಂತ ಮೀನಾ?”

ಗುಂಪಿನಲ್ಲಿ ಯಾರಿಗೋ ನಗು ಬಂದು ಕೆಮ್ಮಿನಲ್ಲಿ ಅಡಗಿಸಿಕೊಂಡರು. ಮಗ ರವಿಚಂದ್ರ ಮಡಕೆ ಹಿಡಿದು ನಿಂತವನು ತಗ್ಗಿದ ದನಿಯಲ್ಲಿ, “ಅಮ್ಮ, ಸುಮ್ನಿರ್. ಬಿಸಿಲ್ ಏರ್ತಾ ಇತ್ತ್,” ಎಂದ.

“ಏರ್ಲಿ ಮಗ. ಅಪ್ಪಯ್ಯಂಗ್ ಇನ್ನೆಂತ ಅವಸರ?”

ಅವಳ ದನಿ ಗಟ್ಟಿಯಾಗಿಯೇ ಇತ್ತು. ಮೀನು ಮಾರುವವಳ ದನಿ, ಸುಲಭಕ್ಕೆ ಬೀಳುವಂಥದ್ದಲ್ಲ. ಆದರೆ ಎದೆಯೊಳಗೆ ಹೆದರಿಕೆ ಹೊಕ್ಕಿತ್ತು. ಅವನು ವ್ಯಾನು ಹತ್ತಿ ಹೋದರೆ ತಾನು ಇದೇ ಹೊಸ್ತಿಲಲ್ಲಿ ಉಳಿಯಬೇಕು. ಅವನು ಮರೆಯಾಗುವುದನ್ನು ನೋಡುವುದಕ್ಕೂ ಇಲ್ಲ.

*

ಕುಷ್ಟ ಇರುಳು ಕಾಯಲು ಮಂದಿರದ ಜಗಲಿಗೆ ಚಾಪೆ ಒಯ್ದದ್ದು ಯಾರೋ ಹೇಳಿ ಅಲ್ಲ. ಬೋಟಿನಲ್ಲಿ ಬಲೆಯ ಹಗ್ಗಕ್ಕೆ ಸಿಕ್ಕಿ ಬಲಗೈಯ ಬೆರಳುಗಳು ಹೋದ ಮೇಲೆ ಅವನಿಗೆ ಕಡಲು ಮುಗಿಯಿತು. ಹಗಲಿಗೆ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು. ಇರುಳನ್ನು ಏನು ಮಾಡುವುದೆಂದು ಮಾತ್ರ ತಿಳಿಯಲಿಲ್ಲ. ಮೀಸೆ ಚಿಗುರಿದಂದಿನಿಂದ ಇರುಳೆಲ್ಲ ಬಲೆಯೊಟ್ಟಿಗೆ ಎಚ್ಚರವಿದ್ದ ಮನುಷ್ಯ. ಅದೇ ಮಳೆಗಾಲದಲ್ಲಿ ಯಾರೋ ಮಂದಿರದ ಕಾಣಿಕೆ ಡಬ್ಬಿ ಒಡೆದರು. ಮರುದಿನ ಸಂಜೆ ಗಂಜಿ ಉಂಡು ಕೈ ತೊಳೆದವನು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಚಂದ್ರಮತಿ ಆಗ ಎಳೆ ಮಗುವಿನ ತಾಯಿ. ಬಾಗಿಲಿಗೆ ಅಡ್ಡ ನಿಂತಳು.

“ನಿಮ್ಮನ್ ಕಟ್ಟಿಕಂಡದ್ದ್ ನಾನಾ, ಆ ದೇವ್ರಾ?”

“ನೀ ಮನಿಕಂಡ್ರೆ ನಿದ್ರಿ ಬತ್ತ್. ದೇವ್ರಿಗೂ ಬತ್ತಿಲ್ಲೆ, ನಂಗೂ ಬತ್ತಿಲ್ಲೆ. ಒಟ್ಟಿಗ್ ಕೂಕಂಬ ಅಂದ್ ಹೋತೆ,” ಎಂದು ನಕ್ಕು ಅವಳ ತೋಳಿನಡಿಯಿಂದ ನುಸುಳಿ ಹೋದ.

ಸಂಬಳವಿಲ್ಲ, ಸನ್ಮಾನವಿಲ್ಲ. ವಾರ್ಷಿಕೋತ್ಸವದ ದಿನ ವೇದಿಕೆಯಲ್ಲಿ ಬಂದವರಿಗೆಲ್ಲ ಶಾಲು ಹೊದಿಸುವಾಗ ಅವನು ಹೊರಗೆ ಚಪ್ಪಲಿ ಜೋಡಿಸುತ್ತಿದ್ದ. ಅವನ ಕೆಮ್ಮು ಒಂದು ಕೇಳಿದರೆ ಕೇರಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತಿತ್ತು. ಗಂಡ ಇದ್ದೂ ಒಬ್ಬಳೇ ಮಲಗುವ ಸಂಕಟ ಚಂದ್ರಮತಿಗೆ ಗೊತ್ತಿತ್ತು, ಕೇರಿಗೆ ಗೊತ್ತಿರಲಿಲ್ಲ.

ಮೊಮ್ಮಗಳು ಶಾಲೆಗೆ ಹೋಗುವ ಹೊತ್ತಿಗೆ ಕಾಲ ಬದಲಾಗಿತ್ತು. ಅಲ್ಲಲ್ಲಿ ಕಳ್ಳತನ, ಎಲ್ಲೋ ಕಲ್ಲು ಬಿತ್ತೆಂಬ ಸುದ್ದಿ, ಮೊಬೈಲಿನಲ್ಲಿ ಅದರ ಹತ್ತರಷ್ಟು ಹೆದರಿಕೆ. ಪ್ರಾರ್ಥನಾ ಮಂದಿರ, ಸಮುದಾಯ ಭವನಗಳ ಭದ್ರತೆಗೆಂದು ಸರ್ಕಾರ ಅನುದಾನ ಕೊಟ್ಟಿತು. ಆಚೆ ಮಸೀದಿಯವರ ಹಾಲಿಗೆ ಬಂತು, ತ್ರಾಸಿ ಬದಿಯ ಕ್ರೈಸ್ತರ ಇಗರ್ಜಿಯ ಸಭಾಭವನಕ್ಕೆ ಬಂತು, ಇವರ ಮಂದಿರಕ್ಕೂ ಬಂತು. ಅದಕ್ಕಾಗಿ ಸಭೆ ಸೇರಿದ ದಿನ ಎಂಜಿನಿಯರು ಮಂದಿರದೊಳಗೆ ನಕ್ಷೆ ಬಿಡಿಸಿ ಇಟ್ಟ. ಸುತ್ತ ಗೋಡೆ, ಮುಂದೆ ಕಬ್ಬಿಣದ ಗೇಟು, ಮೂಲೆ ಮೂಲೆಗೆ ಕ್ಯಾಮರಾ. ಗೋಡೆಯ ಗೆರೆ ಪಡುಬದಿಯ ತೆರಪಿನ ಮೇಲೆಯೇ ಹಾದುಹೋಗಿತ್ತು.

ಅದು ಕಾಣದವರು ಅಲ್ಲಿ ಒಬ್ಬರೂ ಇರಲಿಲ್ಲ. ತಮ್ಮ ತಮ್ಮ ಅಪ್ಪಂದಿರನ್ನು ಅದೇ ತೆರಪಿನಿಂದ ಹೊತ್ತು ಸಾಗಿಸಿದವರೇ ಎಲ್ಲರೂ. ಆದರೆ ದೇವರ ದೀಪದ ಎದುರು ಕೂತು ಸಾವಿನ ಮಾತೆತ್ತುವುದು ಅವರಲ್ಲಿ ಇಲ್ಲ. ಎತ್ತಿದವನ ಮನೆಗೇ ಅದು ಮೊದಲು ಬರುತ್ತದೆ ಎಂಬ ಅಂಜಿಕೆ. ಎಂಜಿನಿಯರು ಘಟ್ಟದ ಮೇಲಿನವನು, ಅವನಿಗೆ ಇದೆಲ್ಲ ಗೊತ್ತಿಲ್ಲ. ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಎಲ್ಲರೂ ದೀಪ ನೋಡುತ್ತ ಕೂತರು. ಹಿಂದಿನ ಸಾಲಿನಲ್ಲಿ ಕುಷ್ಟ ಅರ್ಧ ಎದ್ದವನು ಹಾಗೆಯೇ ಕೂತ.

“ನಾನ್ ಕೇಂಡ್ರೆ ಯಾರಿಗೋ ಮುಹೂರ್ತ ಇಟ್ಟಂಗ್ ಆತ್ತಲ್ದಾ?” ಎಂದು ಮನೆಗೆ ಬಂದು ಹೆಂಡತಿಯೊಡನೆ ಹೇಳಿದ. ಮರುದಿನ ಬಂದರಿನಲ್ಲಿ ತೆರಪಿನ ಮಾತನ್ನು ಜಿತೇಂದ್ರನಿಗೂ ಹೇಳಿದ. ಕೆಲಸವೆಲ್ಲ ಮುಗಿದು ಲೆಕ್ಕ ಚುಕ್ತಾ ಆದ ಮೇಲೆ ಒಂದು ಬಾಗಿಲು ಇಡುವ ಎಂದು ಜಿತೇಂದ್ರ ಸಮಾಧಾನ ಮಾಡಿದ. ಅಷ್ಟರೊಳಗೆ ಯಾರೂ ಸಾಯುವುದಿಲ್ಲ ಎಂದೇ ಇಬ್ಬರೂ ಎಣಿಸಿದ್ದರು.

ಕ್ಯಾಮರಾ ಬಂದ ದಿನ ಕಮಿಟಿಯವರು ಪ್ರೀತಿಯಿಂದಲೇ, “ಕುಷ್ಟಣ್ಣ, ಇನ್ನ್ ಮನಿಯಗೆ ಹಾಯಾಗಿ ಮನಿಕಣಿ,” ಎಂದರು. ಅವನು ಚಾಪೆ ಹಿಡಿದು ಮನೆಗೆ ಬಂದ. ಒಂದು ಮಳೆಗಾಲ ಪೂರ್ತಿ ಚಂದ್ರಮತಿಯ ಪಕ್ಕ ಮಲಗಿದ. ಮಲಗಿದ್ದಷ್ಟೇ, ನಿದ್ದೆ ಮಾಡಲಿಲ್ಲ. ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದ, ಇವಳು ಕೈ ಹಿಡಿದು ಮಲಗಿಸುತ್ತಿದ್ದಳು. ಸರ್ಕಾರ ಯಾರಿಗೆ ಏನು ಕೊಟ್ಟಿತೋ, ತನಗಂತೂ ಗಂಡನನ್ನು ಕೊಟ್ಟಿತು ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ನಿನ್ನೆ ಬೆಳಗ್ಗೆ ಆ ಕೈ ತಣ್ಣಗಿತ್ತು.

*

ಕಡೆಗೆ ಚಟ್ಟ ಮಂದಿರದ ಅಂಗಳಕ್ಕೇ ಬಂತು. ಚಂದ್ರಮತಿ ಹಟ ಬಿಡಲಿಲ್ಲ, ಜಿತೇಂದ್ರನೇ ಗೇಟಿನ ಬೀಗ ತೆಗೆದ. ಇಳಿಸಿದರು, ತಾಳ ತಟ್ಟಿದರು, ಪದ ಹೇಳಿದರು. ಪದ ಮುಗಿದಾಗ ಎಲ್ಲರ ಕಣ್ಣೂ ಪಡುಬದಿಗೆ ಹೋಯಿತು. ಸುಣ್ಣ ಬಳಿದ ಗೋಡೆ, ಅದರ ನೆತ್ತಿಯಲ್ಲಿ ಒಡೆದ ಬಾಟ್ಲಿಯ ಚೂರುಗಳು. ಆಚೆ ಕಡಲಿನ ಸದ್ದು ಕೇಳುತ್ತಿತ್ತು.

“ಅಕ್ಕ, ಗೋಡಿ ಮುಟ್ಟುಕಾಗ,” ಜಿತೇಂದ್ರ ಕೈಮುಗಿದ. “ಸಹಿ ಹಾಕಿ ಕೊಟ್ಟದ್ದ್ ನಾನ್. ಎಲ್ಲೂ ತೆರಪ್ ಇಪ್ಪುಕಾಗ ಅಂದ್ ಬರ್ಸಿಕಂಡಿದ್ರ್. ಈ ವಾರವೇ ಸರ್ಕಾರದವ್ರ್ ಬಂದ್ ಕಾಂತ್ರ್. ಒಂದ್ ಕಲ್ಲ್ ತೆಗದ್ರೂ ಕಡೀ ಕಂತ್ ನಿಂತ್ ಹೋತ್ತ್.”

“ಗೋಡಿ ಒಡಿ ಅಂದ್ ನಾನ್ ಹೇಳ್ಲಿಲ್ಲೆ ಮಗ. ಗೋಡಿ ಇರ್ಲಿ. ಇವ್ರನ್ ಬಂದ್ ದಾರಿಯಗೆ ಮಾತ್ರ ತಿರ್ಗ್ಸ್‌ಬೇಡಿ. ಇಷ್ಟ್ ವರ್ಷ ಇವ್ರನ್ ನಿಮ್ಮ ಮಂದಿರಕ್ಕ್ ಬಿಟ್ಟ್ ಕೊಟ್ಟೆ. ನಾ ಕೇಂಬುದ್ ಇದೊಂದೇ.”

ಕುಷ್ಟನೊಟ್ಟಿಗೆ ಬೋಟಿಗೆ ಹೋಗುತ್ತಿದ್ದ ಮುದುಕ ಮಂಜ, ಅಷ್ಟು ಹೊತ್ತು ಗೋಡೆಯ ಎತ್ತರವನ್ನೇ ಅಳೆಯುತ್ತಿದ್ದವನು, ಹುಡುಗರ ಕಡೆ ತಿರುಗಿದ.

“ಹ್ವಾಯ್, ಬಲಿ ಎಳುಕೆ ಬತ್ತ್, ಬೋಟ್ ಎಳುಕೆ ಬತ್ತ್, ಕುಷ್ಟನ್ ಎತ್ತುಕ್ ಬತ್ತಿಲ್ಯಾ ನಿಮ್ಗೆ? ಅರ್ಧ ಜನ ಹೊರ್ಗಿಂದ ಸುತ್ತಿ ಆಚಿಗ್ ಬನ್ನಿ. ಹಗ್ಗ ತಕಣಿ. ಗ್ಲಾಸಿನ್ ಮೇಲ್ ಗೋಣಿ ಹಾಕಿ.”

ಐಸ್ ಪ್ಲಾಂಟಿನಿಂದ ಒದ್ದೆ ಗೋಣಿಗಳು ಬಂದವು. ಅವು ಸಾಲದೆ ಹೋದಾಗ ಜಿತೇಂದ್ರ ತನ್ನ ಹೆಗಲ ಶಾಲನ್ನೂ ಗಾಜಿನ ಮೇಲೆ ಹಾಸಿದ. ಆಮೇಲೆ ಚಟ್ಟದ ಕಾಲಬದಿಗೆ ಹೋಗಿ ತಾನೇ ಹೆಗಲು ಕೊಟ್ಟ. ರವಿಚಂದ್ರ ಮಡಕೆಯೊಂದಿಗೆ ಆಚೆಗೆ ಹೋಗಿದ್ದ. ಬಲೆ ಎಳೆಯುವಾಗ ಕಡಲು ಕೇಳುವಂತೆ ಐಸಾ ಹಾಕುವವರು ಈ ಹೊತ್ತು ಉಸಿರಿನಲ್ಲೇ ಐಸಾ ಎಂದರು. ಚಟ್ಟ ಮೇಲೆದ್ದಿತು, ಗೋಡೆಯ ನೆತ್ತಿಯಲ್ಲಿ ಒಮ್ಮೆ ತಂಗಿತು, ಆಚೆಯ ಕೈಗಳು ಅದನ್ನು ಮೆತ್ತಗೆ ಬರಮಾಡಿಕೊಂಡವು. ಈಚೆಯ ಗಂಡಸರು ಗೇಟಿನಿಂದ ಸುತ್ತಿ ಓಡಿದರು.

ಅಂಗಳದಲ್ಲಿ ಹೆಂಗಸರಷ್ಟೇ ಉಳಿದರು. ಚಂದ್ರಮತಿ ಗೋಡೆಯ ಬುಡಕ್ಕೆ ಹೋಗಿ ನಿಂತಳು. ಎದುರಿಗೆ ಸುಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ಆಚೆ ಕಾಲ ಸದ್ದು ದೂರವಾಗತೊಡಗಿತು. ಅಷ್ಟು ಹೊತ್ತು ಗಟ್ಟಿ ನಿಂತವಳಿಗೆ ಒಮ್ಮೆಗೇ ಅಳು ನುಗ್ಗಿ ಬಂತು.

“ಅತ್ತಿಗೆ, ಅಳುಕೆ ಮತ್ತೆ ಪುರ್ಸೊತ್ತಿತ್ತ್. ಹತ್ತಿನಿ!”

ಕುಷ್ಟನ ತಂಗಿ ಪದ್ದು ಮಂದಿರದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ತಂದಿದ್ದಳು. ಅವಳ ಹಿಂದೆ ಉಳಿದವರೂ ಒಂದೊಂದು ಹಿಡಿದು ಬಂದರು. ನೋಡನೋಡುತ್ತ ಗೋಣಿ ಹಾಸಿದ್ದ ಉದ್ದಕ್ಕೂ ಹೆಂಗಸರು ಕುರ್ಚಿ ಹತ್ತಿ, ಅದರ ಮೇಲೆ ಕೈಯೂರಿ ನಿಂತರು.

ಚಂದ್ರಮತಿಗೆ ಕಡಲು ಕಂಡಿತು, ಹೊಯ್ಗೆ ಕಂಡಿತು, ಹೊಯ್ಗೆಯ ಮೇಲೆ ತೂಗುತ್ತ ಹೋಗುವ ಅವನು ಕಂಡ. ಚಟ್ಟ ಇನ್ನೂ ಗಾಳಿಮರಗಳ ಈಚೆ ಇತ್ತು. ಆದರೆ ಅಂಗಳಕ್ಕೆ ಕಲ್ಲು ಹಾಸುವುದು ಕಡೆಯ ಕಂತು ಬಂದ ಮೇಲಿನ ಮಾತು. ಕಾಲಡಿ ಬರೀ ಮರಳು. ಅವಳ ಭಾರಕ್ಕೆ ಕುರ್ಚಿಯ ಕಾಲುಗಳು ಮೆಲ್ಲಗೆ ಹೂತುಕೊಳ್ಳತೊಡಗಿದವು. ಗೋಡೆ ಅವಳ ಗಲ್ಲಕ್ಕೆ ಬಂತು, ಬಾಯಿಗೆ ಬಂತು. ಅವಳು ತುದಿಗಾಲಲ್ಲಿ ನಿಂತಳು. ಗೋಣಿಯ ಅಂಚು ಕಣ್ಣಿಗೆ ಅಡ್ಡ ಬರುವಷ್ಟರಲ್ಲಿ ಪದ್ದು ತನ್ನ ಕುರ್ಚಿಯಿಂದ ಹಾರಿ ಇಳಿದು, ಅತ್ತಿಗೆಯ ಎರಡೂ ಕಾಲು ತಬ್ಬಿ, ಹಲ್ಲು ಕಚ್ಚಿ ಅವಳನ್ನು ಮೇಲೆತ್ತಿ ಹಿಡಿದಳು.